ಮಂದಗತಿ ಮೀಮಾಂಸೆ: ಗೃಹಗಣಕದ ವೇಗವರ್ಧನೆಯ ಬಹುಶಿಸ್ತೀಯ ಅನುಸಂಧಾನ

1. ಪ್ರಸ್ತಾವನೆ

ಮನೆಯ ಕಂಪ್ಯೂಟರು ಯಾಕೆ ತೆವಳುತ್ತದೆ ಎಂಬುದನ್ನು ಬರಿಯ ಪ್ರಶ್ನೆಯಾಗಿ ನೋಡದೆ ಸಂಕಥನವಾಗಿ ನೋಡಬೇಕಾದ ತುರ್ತು ಇಂದು ನಮ್ಮ ಮುಂದಿದೆ. ಗಣಕದ ಮಂದಗತಿಯು ವಸಾಹತೋತ್ತರ ಕಾಲಪ್ರಜ್ಞೆಯೊಡನೆ ನಡೆಸುವ ಮುಖಾಮುಖಿಯನ್ನು ತಾತ್ವಿಕ ಚೌಕಟ್ಟಿನ ಹಿನ್ನೆಲೆಯಲ್ಲಿ ಬಹುನೆಲೆಗಳಲ್ಲಿ ಪರಾಮರ್ಶಿಸುವುದು ಪ್ರಸ್ತುತ ಪ್ರಬಂಧದ ಆಶಯ. ಅರ್ಥವಾಗಲಿಲ್ಲವೆಂದು ಗಾಬರಿಯಾಗಬೇಡಿ. ವಿಚಾರ ಸಂಕಿರಣದಲ್ಲಿ ಊಟಕ್ಕೆ ಮುಂಚಿನ ಗೋಷ್ಠಿಯಲ್ಲಿ ಇಂಥದ್ದನ್ನು ಓದಿದಾಗ ಅಧ್ಯಕ್ಷರಿಗೂ ಅರ್ಥವಾಗಿರುವುದಿಲ್ಲ. ಆದರೂ ಅವರು 'ಹೊಸ ಹೊಳಹುಗಳನ್ನು ನೀಡಿದ್ದಾರೆ' ಎಂದು ಹೇಳಿಯೇ ಎಲೆಯ ಮುಂದೆ ಕೂರುವುದು.

ಅಧ್ಯಯನದ ಮಿತಿ: ಕಂಪ್ಯೂಟರ್ ಬಲ್ಲವರನ್ನು ಇಲ್ಲಿ ಕೈಬಿಡಲಾಗಿದೆ.

2. ಪೂರ್ವಸೂರಿಗಳ ಸಮೀಕ್ಷೆ

ಈ ಶಾಸ್ತ್ರದಲ್ಲಿ ಮೂರು ಪಂಥಗಳುಂಟು.

ಅ) ರಿಫ್ರೆಶ್ ಪಂಥ. ಡೆಸ್ಕ್‌ಟಾಪಿನ ಮೇಲೆ ರೈಟ್ ಕ್ಲಿಕ್ ಮಾಡಿ ಮತ್ತೆ ಮತ್ತೆ ರಿಫ್ರೆಶ್ ಒತ್ತುವ ಜಪಮಾರ್ಗಿಗಳು. ಇದರ ಫಲವಿಷ್ಟೆ: ಐಕಾನುಗಳು ಇನ್ನೊಮ್ಮೆ ಮೂಡುತ್ತವೆ. ಮೆಮೊರಿ ಎಳ್ಳಷ್ಟೂ ಖಾಲಿಯಾಗದು.

ಆ) ಕ್ಲೀನರ್ ಪಂಥ. 'ನಿಮ್ಮ ಸಿಸ್ಟಮ್ಮಿನಲ್ಲಿ ನೂರಾರು ದೋಷಗಳಿವೆ' ಎಂದು ಕೆಂಪಕ್ಷರದಲ್ಲಿ ಜಾತಕ ಬರೆದು ಶಾಂತಿಗೆ ದಕ್ಷಿಣೆ ಕೇಳುವವರು. ದೋಷ ತೋರಿಸುವುದು ಪುಕ್ಕಟೆ, ಪರಿಹಾರಕ್ಕೆ ಕಾರ್ಡ್ ನಂಬರ್. ರಿಜಿಸ್ಟ್ರಿ ಕ್ಲೀನರುಗಳಿಗೆ ತನ್ನ ಬೆಂಬಲವಿಲ್ಲ ಎಂದು ವಿಂಡೋಸನ್ನು ಮಾಡಿದ ಮೈಕ್ರೋಸಾಫ್ಟೇ ಹೇಳಿದೆ.

ಇ) ಫಾರ್ಮ್ಯಾಟ್ ಪಂಥ. ಇವರು ಪ್ರಳಯವಾದಿಗಳು. ಯಾವ ರೋಗಕ್ಕೂ 'ಫಾರ್ಮ್ಯಾಟ್ ಹೊಡೆದ್ಬಿಡಿ ಸರ್' ಎನ್ನುತ್ತಾರೆ. ಮೊಮ್ಮಗಳ ನಾಮಕರಣದ ಫೋಟೋ ಯಾವ ಡ್ರೈವಿನಲ್ಲಿತ್ತು ಎಂಬುದು ಪ್ರಳಯದ ಮರುದಿನ ಮನೆಯಾಕೆಯ ಬಾಯಿಂದ ತಿಳಿಯುತ್ತದೆ.

3. ಮಂದಗತಿಯ ಷೋಡಶವಿಧ ವರ್ಗೀಕರಣ

3.1 ಪ್ರಾರಂಭಕಾಲೀನ ಸಾಮೂಹಿಕ ಜಾಗರಣ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ, ಅದರಲ್ಲಿ ಸ್ಟಾರ್ಟಪ್ ನೋಡಿ. ಎಂದೋ ಗುಜರಿಗೆ ಹೋದ ಪ್ರಿಂಟರಿನ ಸಹಾಯಕ, ಲಾಕ್‌ಡೌನಿನಲ್ಲಿ ಹಾಕಿಕೊಂಡ ಮೀಟಿಂಗ್ ಆಪ್, ಯಾರೂ ಕೇಳದ ಹಾಡಿನ ಆಪ್, ಎಲ್ಲವೂ ಸ್ವಿಚ್ ಹಾಕಿದ ಕೂಡಲೇ ಎದ್ದು ಕೂರುತ್ತವೆ. ಬೇಡದ್ದರ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸೇಬಲ್ ಕೊಡಿ. ಪ್ರೋಗ್ರಾಂ ಅಳಿಸಿಹೋಗುವುದಿಲ್ಲ, ಕರೆಯದೆ ಏಳುವುದಿಲ್ಲ ಅಷ್ಟೆ.

3.2 ಧೂಲಿಜನ್ಯ ಔಷ್ಣಿಕ ಸ್ತಂಭನ. ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ತೆಗೆದರೆ ಫ್ಯಾನಿನಡಿಯ ಅಲ್ಯೂಮಿನಿಯಂ ಎಸಳುಗಳ ನಡುವೆ ಧೂಳು ಹಳೇ ಕಂಬಳಿಯ ತುಂಡಿನ ಹಾಗೆ ಕೂತಿರುತ್ತದೆ. ಪ್ರೊಸೆಸರ್ ವಿಪರೀತ ಕಾದರೆ, ಸುಟ್ಟುಹೋಗದಿರಲೆಂದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಪ್ಲಗ್ ಕಿತ್ತು, ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಲ್ಲಿ ಹಿಡಿದು, ಮೆತ್ತನೆಯ ಒಣ ಬ್ರಷ್ಷಿನಿಂದ ಕೊಡವಿ.

3.3 ಪರಸ್ಪರ ಸಂಶಯಾತ್ಮಕ ದ್ವಿರಕ್ಷಕ ಸ್ಥಿತಿ. ಯಂತ್ರದ ಜೊತೆ ಬಂದ ಆಂಟಿವೈರಸ್ ಒಂದು, ಅಳಿಯ ಹಾಕಿಕೊಟ್ಟದ್ದು ಇನ್ನೊಂದು. ಒಂದೊಂದು ಕಡತವನ್ನೂ ಎರಡೂ ತಡೆದು ತಪಾಸಣೆ ಮಾಡುತ್ತವೆ. ಒಂದನ್ನು ತೆಗೆಯಿರಿ. ಎರಡನ್ನೂ ತೆಗೆದರೂ ವಿಂಡೋಸ್ 10ರಲ್ಲಿ ಡಿಫೆಂಡರ್ ಎಂಬ ಅದರದೇ ಆಂಟಿವೈರಸ್ ಮೊದಲೇ ಇದೆ.

3.4ರಿಂದ 3.16. ಇವು ಬೇಡ, ಸಂಸ್ಕೃತ ಸಾಕಾಯಿತು. ಹೇಳಲೇಬೇಕಾದದ್ದು ಇನ್ನೊಂದೇ. ಹಳೆಯ ಯಂತ್ರಗಳ ಹಾರ್ಡ್ ಡಿಸ್ಕಿನಲ್ಲಿ ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತಿರುತ್ತದೆ, ಮುಳ್ಳೊಂದು ಅದರ ಮೇಲೆ ಅತ್ತಿತ್ತ ಓಡಾಡಿ ಕಡತ ಹುಡುಕುತ್ತದೆ. ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ 100% ಎಂದು ಇಳಿಯದೆ ನಿಂತಿದ್ದರೆ ಕಾರಣ ಬಹುತೇಕ ಇದೇ. ಅದರ ಜಾಗಕ್ಕೆ ಎಸ್‌ಎಸ್‌ಡಿ ಹಾಕಿಸಿ. ಅದರಲ್ಲಿ ತಿರುಗುವ ತಟ್ಟೆಯೂ ಇಲ್ಲ, ಮುಳ್ಳೂ ಇಲ್ಲ. ಬೆಂಗಳೂರಿನವರಾದರೆ ಎಸ್.ಪಿ. ರೋಡಿನಲ್ಲಿ ಸಿಗುತ್ತದೆ. 'ಹಳೇ ಡಿಸ್ಕನ್ನ ಕ್ಲೋನ್ ಮಾಡಿಕೊಡಿ' ಎಂದು ಕೇಳಿದರೆ ಫೋಟೋ, ಕಡತ, ನುಡಿ, ಬರಹ ತಂತ್ರಾಂಶ ಎಲ್ಲ ಇದ್ದಲ್ಲೇ ಇರುತ್ತವೆ. ರ‍್ಯಾಮ್ 4 ಜಿಬಿ ಇದ್ದರೆ 8 ಮಾಡಿಸಿ.

4. ಸೈದ್ಧಾಂತಿಕ ನೆಲೆ

ಪಾಸ್ಕಲ್ ಭಾಷೆಯನ್ನು ರೂಪಿಸಿದ ಸ್ವಿಟ್ಜರ್ಲೆಂಡಿನ ನಿಕ್ಲಾಸ್ ವಿರ್ತ್ 1995ರಲ್ಲೇ ಬರೆದಿದ್ದರು: ಯಂತ್ರಗಳ ವೇಗ ಏರುವುದಕ್ಕಿಂತ ಬೇಗ ಸಾಫ್ಟ್‌ವೇರ್ ನಿಧಾನವಾಗುತ್ತಿದೆ ಎಂದು. ಒಂದೇ ವಾಕ್ಯ. ಚೌಕಟ್ಟಿಲ್ಲ, ಹಿನ್ನೆಲೆಯಿಲ್ಲ, ಮುಖಾಮುಖಿಯಿಲ್ಲ.

ಅವರು ಹೇಳಿದ್ದೇ ನಡೆಯುತ್ತಿದೆ. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇರಬೇಕು, ಪ್ರೊಸೆಸರು ಮೈಕ್ರೋಸಾಫ್ಟಿನ ಪಟ್ಟಿಯಲ್ಲಿರಬೇಕು. 2015ರಲ್ಲಿ ಕೊಂಡ ಯಂತ್ರಕ್ಕೆ ಆ ಪಟ್ಟಿಯಲ್ಲಿ ಜಾಗವಿಲ್ಲ. ನಿವೃತ್ತ ಮೇಷ್ಟ್ರೊಬ್ಬರಿಗೆ ಬೇಕಾದದ್ದೇನು? ಒಂದು ಪತ್ರ ಟೈಪ್ ಮಾಡಬೇಕು, ಪಿಂಚಣಿಯ ಕಾಗದ ಪ್ರಿಂಟ್ ತೆಗೆಯಬೇಕು, ಅಮೆರಿಕದ ಮಗಳ ಮುಖ ನೋಡಬೇಕು. ಅಷ್ಟಕ್ಕೆ ಆ ಯಂತ್ರ ಇವತ್ತಿಗೂ ಸಾಕು. ಆದರೂ ಅಂಗಡಿಯಲ್ಲಿ 'ಇದು ಹಳೇ ಮಾಡೆಲ್ಲು ಸರ್, ಎಸೆದ್ಬಿಡಿ' ಎನ್ನುತ್ತಾರೆ. ಕೆಡದ ವಸ್ತುವನ್ನು ಎಸೆಯಿರಿ ಎಂದು ಹೇಳಲು ಇವರಿಗೆ ನಾಚಿಕೆಯಿಲ್ಲ. ಮೇಷ್ಟ್ರು ಮಾತ್ರ 'ನನಗೇ ಇದೆಲ್ಲ ಬರಲ್ಲಪ್ಪ' ಎಂದು ತಮ್ಮನ್ನೇ ಹಳಿದುಕೊಂಡು ಪರ್ಸ್ ತೆಗೆಯುತ್ತಾರೆ. ನಲವತ್ತು ವರ್ಷ ಹಳ್ಳಿ ಮಕ್ಕಳಿಗೆ ಲೆಕ್ಕ ಕಲಿಸಿದ ಮನುಷ್ಯ! ಅವರನ್ನು ದಡ್ಡರನ್ನಾಗಿ ಮಾಡಿದ್ದು ಯಂತ್ರವಲ್ಲ, ಅದರ ಸುತ್ತ ಕಟ್ಟಿದ ಭಾಷೆ. ನಮ್ಮ ಸಂಕಿರಣಗಳು ಓದುವವನನ್ನು ಸಾಹಿತ್ಯದಿಂದ ಓಡಿಸಿದ್ದೂ ಹೀಗೆಯೇ.

5. ಉಪಸಂಹಾರ

ಎಸೆಯುವ ಮುಂಚೆ ಸ್ಟಾರ್ಟಪ್ ನೋಡಿ, ಧೂಳು ಕೊಡವಿ, ಎಸ್‌ಎಸ್‌ಡಿ ಹಾಕಿಸಿ. ಹೊಸ ವಿಂಡೋಸ್ ನಿಮ್ಮ ಯಂತ್ರವನ್ನು ಒಲ್ಲೆ ಎಂದರೆ ಲಿನಕ್ಸ್ ಮಿಂಟ್ ಪುಕ್ಕಟೆ ಸಿಗುತ್ತದೆ. ಪೆನ್‌ಡ್ರೈವಿನಿಂದಲೇ ನಡೆಸಿ ನೋಡಬಹುದು, ಕನ್ನಡದ ಕಗಪ ಕೀಲಿಮಣೆಯೂ ಅದರಲ್ಲಿದೆ. ಇಷ್ಟಾದ ಮೇಲೂ ನಿಮ್ಮ ಕಂಪ್ಯೂಟರಿನ ತೊಂದರೆಯನ್ನು ಯಾರಾದರೂ ನಿಮಗೆ ತಿಳಿಯದ ಮಾತಿನಲ್ಲಿ ವಿವರಿಸತೊಡಗಿದರೆ, ಅವರಿಗೆ ದುಡ್ಡು ಕೊಡಬೇಡಿ.