ರೋಗ್‌ಲೈಟ್ ಆಟಗಳ ಕರೂರು ಮೂಲ

ಲೂಟಿಯೇ ಪ್ರಧಾನವಾದ ರೋಗ್‌ಲೈಟ್ ಆಟಗಳ ಬಗ್ಗೆ ಆಟಗಾರರು ಆಡುವ ಮಾತುಗಳನ್ನು ವಿದ್ವಾಂಸರು ಈವರೆಗೆ ಮನರಂಜನೆಯ ವಿಮರ್ಶೆ ಎಂದು ಓದುತ್ತ ಬಂದಿದ್ದಾರೆ. ಇದು ದೊಡ್ಡ ಪ್ರಮಾದ. ಅವು ಬೇಸಾಯದ ಮಾತುಗಳು. ಅದರಲ್ಲೂ ಬಳ್ಳಾರಿ ಜಿಲ್ಲೆ ಸಿರುಗುಪ್ಪ ತಾಲ್ಲೂಕಿನ ಕರೂರು ಸೀಮೆಯಲ್ಲಿ ಭತ್ತ, ಮೆಣಸಿನಕಾಯಿ ಬೆಳೆಯುವವರು ಸುಗ್ಗಿ ಮುಗಿದ ಮೇಲೆ ಆಡುವ ಮಾತುಗಳ ಪಾಠಾಂತರ ಎಂಬುದು ಈ ಪ್ರಬಂಧದ ಪ್ರತಿಜ್ಞೆ. ಆಟದ ಲಕ್ಷಣ ಅರಿಯದವರಿಗಾಗಿ ಎರಡು ಮಾತು. ಆಟಗಾರ ಒಂದು ಗವಿಯೊಳಗೆ ಇಳಿಯುತ್ತಾನೆ. ಗವಿಯ ನಕ್ಷೆ ಪ್ರತಿಸಲವೂ ಬೇರೆ. ರಾಕ್ಷಸರನ್ನು ಕೊಂದರೆ ಕತ್ತಿ, ಉಂಗುರ, ಮೆಟ್ಟು ಉದುರುತ್ತವೆ. ಯಾವುದು ಉದುರುತ್ತದೆ ಎಂಬುದು ಹಣೆಬರಹ. ಸತ್ತರೆ ಗಳಿಸಿದ್ದು ಹೋಗಿ ಮತ್ತೆ ಬಾಗಿಲಿನಿಂದ ಶುರು. ಏನೂ ಉಳಿಯದಿದ್ದರೆ ಅದು ರೋಗ್‌ಲೈಕ್. ಚೂರುಪಾರು ಉಳಿದರೆ ರೋಗ್‌ಲೈಟ್. ಇಷ್ಟನ್ನು ಕೇಳಿದ ರೈತ ಇದರಲ್ಲಿ ಹೊಸದೇನೈತಿ ಎಂದು ಕೇಳದೆ ಬಿಡಲಾರ.

ಮೊದಲು ಭಾಷೆಯ ಸಾಕ್ಷ್ಯ. ಇಂಗ್ಲಿಷಿನ ‘ಲೂಟ್’ ಹಿಂದಿಯಿಂದ ಹೋದದ್ದೆಂದು ಇಂಗ್ಲಿಷ್ ನಿಘಂಟುಗಳೇ ಒಪ್ಪುತ್ತವೆ. ಕಂಪನಿ ಸರ್ಕಾರದವರು ಬೇರೆ ಸಾಮಾನುಗಳ ಜೊತೆ ಪದವನ್ನೂ ಹೊತ್ತುಕೊಂಡು ಹೋದರು. ಎರಡನೆಯದು, ಒಂದೇ ರಾಕ್ಷಸನನ್ನು ನೂರು ಸಲ ಕೊಂದು ಒಂದು ಒಳ್ಳೆಯ ಕತ್ತಿಗಾಗಿ ಕಾಯುವ ಕೆಲಸಕ್ಕೆ ಆಟಗಾರರು ಇಟ್ಟಿರುವ ಹೆಸರು ‘ಫಾರ್ಮಿಂಗ್’. ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಕೂತ ಹುಡುಗ ರಾತ್ರಿಯೆಲ್ಲ ಫಾರ್ಮಿಂಗ್ ಮಾಡಿದೆ ಎಂದರೆ, ಊರಲ್ಲಿರುವ ಅಪ್ಪ ಯಾವ ಹೊಲದಾಗ ಎಂದು ಕೇಳುವುದು ನ್ಯಾಯವೇ. ಮೂರನೆಯದು ನಿರ್ಣಾಯಕ. ಗವಿಯ ನಕ್ಷೆ ಹುಟ್ಟುವುದು ಒಂದು ಸಂಖ್ಯೆಯಿಂದ. ಆ ಸಂಖ್ಯೆಯ ಹೆಸರು ‘ಸೀಡ್’. ಸೋತ ಆಟಗಾರ ಸೀಡ್ ಸರಿಯಿರಲಿಲ್ಲ ಎನ್ನುತ್ತಾನೆ. ಬೀಜ ಗೊಬ್ಬರದ ಅಂಗಡಿಯ ಮುಂದೆ ಇದೇ ವಾಕ್ಯವನ್ನು, ಇದೇ ಇಂಗ್ಲಿಷ್ ಪದದೊಡನೆ, ಇನ್ನೂ ಏರಿದ ದನಿಯಲ್ಲಿ ಹೇಳುವವರುಂಟು. ‘ರೋಗ್’ ಎಂಬುದು ನಮ್ಮ ರೋಗವೇ, ಭತ್ತದ ಬೆಂಕಿರೋಗ, ಮೆಣಸಿನ ಗಿಡದ ಮುಟುರುರೋಗಗಳ ನೆನಪು ಅದರಲ್ಲಿದೆ, ‘ರೋಗ್‌ಲೈಟ್’ ಎಂದರೆ ಲಘು ರೋಗ ಎಂದೂ ವಾದಿಸಬಹುದು. ಈ ವ್ಯುತ್ಪತ್ತಿ ಕುತ್ತಿಗೆ ಹಿಡಿದು ಎಳೆದು ತಂದಂತೆ ಕಾಣುವುದರಿಂದ ಅದರ ಮೇಲೆ ಹೆಚ್ಚು ಭಾರ ಹೇರುವುದಿಲ್ಲ.

ಈಗ ಅಭಿಪ್ರಾಯಗಳ ಸಂಗತಿ. ಸ್ಟೀಮ್ ಎಂಬ ಆಟದ ಅಂಗಡಿ ಪ್ರತಿ ಅಭಿಪ್ರಾಯದ ನೆತ್ತಿಯ ಮೇಲೆ ಅದನ್ನು ಬರೆದವನ ಶಿಫಾರಸು ಉಂಟೋ ಇಲ್ಲವೋ ಎಂಬುದನ್ನೂ, ಅವನು ಎಷ್ಟು ಗಂಟೆ ಆಡಿದ್ದಾನೆ ಎಂಬುದನ್ನೂ ಅಚ್ಚೊತ್ತುತ್ತದೆ. ಅಷ್ಟಕ್ಕೇ ಬಿಡದೆ, ಅಭಿಪ್ರಾಯ ಬರೆದ ದಿನ ಎಷ್ಟು ಗಂಟೆ ಆಗಿತ್ತು, ಇವತ್ತಿಗೆ ಎಷ್ಟಾಗಿದೆ ಎಂದೂ ತೋರಿಸುತ್ತದೆ. ಹತ್ತು ಗಂಟೆ ಆಡಿದವನು ಹೊಗಳುತ್ತಾನೆ. ಅವನ ಮಾತಿಗೆ ಶಾಸ್ತ್ರದಲ್ಲಿ ಬೆಲೆಯಿಲ್ಲ. ಎಂಟುನೂರು ಗಂಟೆ ಆಡಿದವನು ಒಳ್ಳೆಯದು ಉದುರುವುದೇ ಇಲ್ಲ, ಉದುರಿದ್ದೆಲ್ಲ ಕಸ, ಚೀಲ ತುಂಬಿ ಹೋಯಿತು, ಮಾಡಿದವರಿಗೆ ಆಡುವವರ ಕಷ್ಟ ಗೊತ್ತಿಲ್ಲ, ಯಾರೂ ಇದರ ತಂಟೆಗೆ ಹೋಗಬೇಡಿ ಎಂದು ಬರೆಯುತ್ತಾನೆ. ಬರೆದು ಮತ್ತೆ ಆಡಲು ಹೋಗುತ್ತಾನೆ. ಎರಡು ಅಂಕಿಗಳ ನಡುವಿನ ಅಂತರದಲ್ಲಿ ಸಿಗುವುದೇ ನಾನು ಕರೂರು ಸೂತ್ರ ಎಂದು ಕರೆಯುವ ನಿಯಮ: ಬೈಗುಳದ ಖಾರ ಆಡಿದ ಗಂಟೆಗಳಿಗೆ ತಕ್ಕಂತೆ ಏರುತ್ತದೆ, ಮುಂದಿನ ಆಟದ ಮೇಲೆ ಅದರ ಪರಿಣಾಮ ಸೊನ್ನೆ. ಮಾರ್ಚಿನಲ್ಲಿ ದರ ಬಿದ್ದಾಗ ‘ಇನ್ಮುಂದ ಮೆಣಸಿನಕಾಯಿ ಹಚ್ಚಂಗಿಲ್ಲ ಬಿಡು’ ಎಂಬ ಮಾತು ಬರುತ್ತದೆ. ಮಳೆಗಾಲದಲ್ಲಿ ಸಸಿಮಡಿ ಏಳುತ್ತದೆ. ಇವೆರಡರ ನಡುವೆ ವಿರೋಧ ಕಾಣುವವನು ಆಟವನ್ನೂ ಆಡಿದವನಲ್ಲ, ಹೊಲವನ್ನೂ ನೋಡಿದವನಲ್ಲ.

ಅದೃಷ್ಟದ ಗಣಿತಕ್ಕೆ ಬರೋಣ. ಗವಿಯೊಳಗಿನ ದಾಳ ಕಣ್ಣಿಗೆ ಕಾಣದ ಯಾವುದೋ ಲೆಕ್ಕದಲ್ಲಿ ಉರುಳುತ್ತದೆ ಎಂದು ಆಟಗಾರರು ಗೊಣಗುತ್ತಾರೆ. ತುಂಗೆಯೂ ಭದ್ರೆಯೂ ಕೂಡ್ಲಿಯಲ್ಲಿ ಸೇರುವ ಮೊದಲೇ, ಮಲೆನಾಡಿನಲ್ಲಿ ಎಷ್ಟು ಮಳೆ ಸುರಿಯಿತು ಎಂಬುದರ ಮೇಲೆ ಸಿರುಗುಪ್ಪ ಭಾಗದ ಭತ್ತದ ಗತಿ ತೀರ್ಮಾನವಾಗಿರುತ್ತದೆ. ದಾಳ ಉರುಳುವುದು ತೀರ್ಥಹಳ್ಳಿಯಲ್ಲಿ, ಕಾಯಿ ನಡೆಯಬೇಕಾದದ್ದು ಕರೂರಿನಲ್ಲಿ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಕಾಲುವೆಗೆ ನೀರು ಹರಿಯುವ ಮುಂಚೆ ಇಲ್ಲಿನ ಎರೆ ಭೂಮಿಯದು ಜೋಳ, ಹತ್ತಿಯ ಮಳೆಯಾಧಾರಿತ ಬೇಸಾಯ. ಮಳೆ ಕೈಕೊಟ್ಟರೆ ಏನೂ ಉಳಿಯದ ಅದು ಶುದ್ಧ ರೋಗ್‌ಲೈಕ್. ಕಾಲುವೆ ಬಂದ ಮೇಲೆ ಒಂದು ಬೆಳೆ ಹೋದರೂ ಎರಡನೆಯದರ ಆಸೆ ಉಳಿಯಿತು. ರೋಗ್‌ಲೈಟ್ ಯುಗ ಆರಂಭವಾಯಿತು. ಆಟದ ಕಂಪನಿಗಳು ಸದ್ದಿಲ್ಲದೆ ಆಯುಧಗಳ ಬಲ ತಗ್ಗಿಸುತ್ತವೆ ಎಂಬ ದೂರಿಗೂ ಮೂಲ ಇಲ್ಲಿಯೇ ಇದೆ: 133 ಟಿಎಂಸಿ ಅಡಿಯ ಜಲಾಶಯ ಹೂಳು ತುಂಬಿ ತುಂಬಿ ಸುಮಾರು 105ಕ್ಕೆ ಇಳಿಯಿತು. ಇನ್ನು ಆಟದ ನಡುವೆ ಎದುರಾಗುವ ಅನಿರೀಕ್ಷಿತ ವಿಪತ್ತು? 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳ ಪೈಕಿ 19ನೆಯದರ ಚೈನ್ ಲಿಂಕ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಮುಗಿಯಿತು ಎಂದುಕೊಂಡ ಆಟ ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಎಂಬ ತಡೆ ಇಳಿಸಿದ ಮೇಲೆ, ಮತ್ತೆ ಮಳೆ ಬಂದು ಜಲಾಶಯ ತುಂಬಿದ ಮೇಲೆ, ಮುಂದುವರಿಯಿತು. ಇಂಥ ತಿರುವನ್ನು ಆಟದಲ್ಲಿ ಇಟ್ಟಿದ್ದರೆ ಎಂಟುನೂರು ಗಂಟೆಯವನು ಅತಿಯಾಯಿತು ಎಂದು ಬರೆಯುತ್ತಿದ್ದ.

ಲೂಟಿಗೆ ಬಣ್ಣದ ಶ್ರೇಣಿಯುಂಟು. ಅನೇಕ ಆಟಗಳಲ್ಲಿ ಬಿಳಿಯದು ಕಸ, ಹಸಿರು ಪರವಾಗಿಲ್ಲ, ನೀಲಿ ಒಳ್ಳೆಯದು, ನೇರಳೆ ಅಪರೂಪ, ಕಿತ್ತಳೆ ಪುರಾಣಪ್ರಸಿದ್ಧ. ಬಣ್ಣಕ್ಕೆ ಬೆಲೆ ಕಟ್ಟುವ ಈ ಪದ್ಧತಿ ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಹೇರಿದ ಯಾರಿಗೂ ಹೊಸದಲ್ಲ. ಅಲ್ಲಿ ಖಾರಕ್ಕಿಂತ ಬಣ್ಣವೇ ದೊಡ್ಡದು. ಡಬ್ಬಿ, ಕಡ್ಡಿ, ಗುಂಟೂರು ಎಂಬ ಶ್ರೇಣಿ, ಪ್ರತಿ ಚೀಲದ ಹಣೆಬರಹ ಟೆಂಡರಿನಲ್ಲಿ. ಒಂದು ವರ್ಷ ದರ ಏರಿದರೆ ಮರುವರ್ಷ ಎಲ್ಲರೂ ಅದನ್ನೇ ಹಚ್ಚುತ್ತಾರೆ. ಆಟಗಾರರೂ ಗೆಲ್ಲುವ ಒಂದು ಆಯುಧ ಪತ್ತೆಯಾದರೆ ಎಲ್ಲರೂ ಅದನ್ನೇ ಹಿಡಿದು ಅದಕ್ಕೆ ‘ಮೆಟಾ’ ಎಂದು ತತ್ವಶಾಸ್ತ್ರದ ಹೆಸರಿಡುತ್ತಾರೆ. ಒಳ್ಳೆಯ ಮದ್ದನ್ನು ಕೊನೆಗೆಂದು ಚೀಲದಲ್ಲೇ ಇಟ್ಟುಕೊಂಡು ಸಾಯುವ ಆಟಗಾರನಿಗೂ, ಇನ್ನೂ ಏರಲಿ ಎಂದು ಕೋಲ್ಡ್ ಸ್ಟೋರೇಜಿನಲ್ಲಿ ಸರಕಿಟ್ಟು ಬಾಡಿಗೆ ಕಟ್ಟುವವನಿಗೂ ವ್ಯತ್ಯಾಸ ತೋರಿಸಿದವರಿಗೆ ನಾನು ಶರಣು. ಅಸಮಾಧಾನಗೊಂಡ ಆಟಗಾರರು ಒಟ್ಟಾಗಿ ಕೆಟ್ಟ ಅಭಿಪ್ರಾಯ ಸುರಿಯುವುದನ್ನು ‘ರಿವ್ಯೂ ಬಾಂಬಿಂಗ್’ ಎನ್ನುತ್ತಾರೆ. ಅಲ್ಲಿ ಸುಟ್ಟುಹೋಗುವುದು ಅಂಕಗಳು ಮಾತ್ರ. 2024ರ ಮಾರ್ಚ್ 11ರಂದು, ದರ ಕುಸಿದ ದಿನ, ಬ್ಯಾಡಗಿಯಲ್ಲಿ ಸುಟ್ಟುಹೋದದ್ದು ವಾಹನಗಳು ಮತ್ತು ಮಾರುಕಟ್ಟೆ ಸಮಿತಿಯ ಕಚೇರಿ.

ಪೂರ್ವಪಕ್ಷದವರು ಇಲ್ಲಿ ಏಳುತ್ತಾರೆ. ಈ ಜಾತಿಗೆ ಹೆಸರು ಕೊಟ್ಟ ‘ರೋಗ್’ 1980ರಲ್ಲಿ ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾಲಯದ ಹುಡುಗರು ಕಟ್ಟಿದ್ದು, ಅವರು ಕರೂರಿನ ಹೆಸರನ್ನೇ ಕೇಳಿರಲಿಲ್ಲವಲ್ಲ? ಕೇಳಿರಲಿಲ್ಲ. ಆದರೆ 1980ರಿಂದ 1953 ಕಳೆದರೆ 27. ಯಾರು ಮೊದಲು ಎಂಬುದಕ್ಕೆ ವ್ಯವಕಲನಕ್ಕಿಂತ ದೊಡ್ಡ ಪ್ರಮಾಣ ಬೇಡ. ಎರಡನೆಯ ಆಕ್ಷೇಪ ಗಟ್ಟಿಯಾದದ್ದು: ಆಟಗಾರನಿಗೆ ಹಣ ವಾಪಸು ಸಿಗುತ್ತದೆ. ನಿಜ, ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಸ್ಟೀಮ್ ದುಡ್ಡು ಹಿಂದಿರುಗಿಸುತ್ತದೆ. ಇಲ್ಲಿಯೂ 2016ರಿಂದ ಫಸಲ್ ಬಿಮಾ ಇದೆ. ಮುಂಗಾರಿನ ಆಹಾರ ಬೆಳೆಗೆ ವಿಮಾ ಮೊತ್ತದ ಶೇ. 2 ರೈತನ ಕಂತು. ಆದರೆ ಇಳುವರಿಯ ನಷ್ಟ ಅಳೆಯುವುದು ನಿಮ್ಮ ಹೊಲದಲ್ಲಲ್ಲ, ಗ್ರಾಮ ಪಂಚಾಯಿತಿಯ ಸರಾಸರಿಯಲ್ಲಿ, ಕೆಲವು ಬೆಳೆಗಳಿಗೆ ಹೋಬಳಿಯ ಸರಾಸರಿಯಲ್ಲಿ. ನಿಮಗೆ ಆಟ ಹಿಡಿಸಲಿಲ್ಲ ಎಂದರೆ ಸಾಲದು, ಓಣಿಯವರಿಗೆಲ್ಲ ಹಿಡಿಸದೆ ಹೋಗಬೇಕು. ಮೂರನೆಯವರು ಕೇಳುತ್ತಾರೆ: ಆಟಗಾರ ಬೇಡವೆಂದರೆ ಎದ್ದು ಹೋಗಬಹುದು, ಎಂಟುನೂರು ಗಂಟೆ ಹೋದರೂ ಅವನ ಮನೆಯ ಅನ್ನ ಹೋಗುವುದಿಲ್ಲ, ರೈತನನ್ನು ಅವನ ಪಕ್ಕ ಕೂರಿಸುವುದು ಅವಮಾನವಲ್ಲವೇ? ಈ ಆಕ್ಷೇಪಕ್ಕೆ ಉತ್ತರವಿಲ್ಲ, ಒಪ್ಪಿಗೆಯಷ್ಟೇ ಇದೆ. ಆಟದ ಹೆಸರಿನ ‘ಲೈಟ್’ ಎಂಬ ಬಾಲ ಇರುವುದೇ ಆ ಕಾರಣಕ್ಕೆ; ನಕಲು ಪ್ರತಿಯಲ್ಲಿ ಸಾವನ್ನು ಹಗುರ ಮಾಡಿದ್ದಾರೆ. ಹಾಗಾಗಿಯೇ ಆಟಗಾರರ ಬೈಗುಳ ಸಾಹಿತ್ಯವಾಗಿ ಸಪ್ಪೆ. ಮುಂದಿನ ಅಪ್‌ಡೇಟಿನಲ್ಲಿ ಸರಿಪಡಿಸುತ್ತಾರೆಂಬ ನಂಬಿಕೆ ಅದರೊಳಗೆ ಹುದುಗಿರುತ್ತದೆ.

ಒಂದು ತೊಡಕು ಉಳಿಯುತ್ತದೆ: ಗಂಟೆಗಳ ಎಣಿಕೆ. ಆಟವನ್ನು ನಿಲ್ಲಿಸಿ ಊಟಕ್ಕೆ ಎದ್ದುಹೋದರೂ ಸ್ಟೀಮಿನ ಗಡಿಯಾರ ಓಡುತ್ತಿರುತ್ತದೆ. ರಾತ್ರಿ ಪಾಳಿಯಲ್ಲಿ ಕಾಲುವೆಯ ಮೇಲೆ ಟಾರ್ಚು ಹಿಡಿದು ನೀರಿಗಾಗಿ ಕಾದ ಹೊತ್ತನ್ನೂ ಹಾಗೆಯೇ ಲೆಕ್ಕಕ್ಕೆ ತರಬೇಕು. ಇನ್ನೂ ಕಠಿಣವಾದದ್ದು ವಾರಸುದಾರಿಕೆ. 2013ರ ‘ರೋಗ್ ಲೆಗಸಿ’ಯಲ್ಲಿ ವೀರ ಸತ್ತರೆ ಅವನ ಮಗನೋ ಮಗಳೋ ಆಟ ಮುಂದುವರಿಸಬೇಕು, ಒಬ್ಬರಿಗೆ ಬಣ್ಣ ಕಾಣದು, ಇನ್ನೊಬ್ಬರಿಗೆ ದೂರದ್ದು ಕಾಣದು. ಕೋಟೆ ಹೊಗುವ ಮುನ್ನ ಬಾಗಿಲಲ್ಲಿ ಕುಳಿತ ಕೆರಾನ್ ಎಂಬಾತ ಖರ್ಚಾಗದೆ ಉಳಿದ ಚಿನ್ನವನ್ನೆಲ್ಲ ಇಸಿದುಕೊಳ್ಳುತ್ತಾನೆ. ಅವನು ಗ್ರೀಕ್ ಪುರಾಣದ ಅಂಬಿಗ ಎನ್ನುತ್ತಾರೆ; ಉದ್ರಿಯಲ್ಲಿ ಬೀಜ, ಗೊಬ್ಬರ, ಎಣ್ಣೆ ತಂದು ಸುಗ್ಗಿಯಲ್ಲಿ ಪಟ್ಟಿ ಚುಕ್ತಾ ಮಾಡುವವರಿಗೆ ಗ್ರೀಸಿನವರೆಗೆ ಹೋಗುವ ಅಗತ್ಯ ಬೀಳದು. ಹೀಗೆ ಹೊಲ, ಒಡ್ಡು, ಸಾಲ ಅಪ್ಪನಿಂದ ಮಗನಿಗೆ ಬರುವುದಾದರೆ ಅಪ್ಪನ ಗಂಟೆಗಳೂ ಮಗನ ಖಾತೆಗೆ ಬರಬೇಕಲ್ಲವೇ? ಬರಬೇಕೆಂದೇ ನನ್ನ ಅಭಿಪ್ರಾಯ. ಹಾಗೆ ಕೂಡಿಸಿದರೆ ಕಾಲುವೆಗೆ ನೀರು ಬಿಟ್ಟ ದಿನದಿಂದ ಒಂದೇ ಆಟ ನಡೆದಿದೆ, ಗಡಿಯಾರ ಒಮ್ಮೆಯೂ ನಿಂತಿಲ್ಲ, ಮತ್ತು ಶಿಫಾರಸಿನ ಜಾಗದಲ್ಲಿ ಮೂರು ತಲೆಮಾರಿನ ಕೈಬರಹದಲ್ಲಿ ‘ಇಲ್ಲ’ ಎಂದೇ ಇದೆ.