ಬಚ್ಚಲ ಹಂಡೆಯ ಮೀಮಾಂಸೆ

ಯಾವ ಹೊತ್ತಿನಲ್ಲಿ, ಯಾವ ದಿಕ್ಕಿಗೆ ಮುಖ ಮಾಡಿ ಮೀಯಬೇಕೆಂದು ಧರ್ಮಶಾಸ್ತ್ರಗಳು ಬೇಕಾದಷ್ಟು ಬರೆದಿವೆ. ಆ ನೀರನ್ನು ಕಾಯಿಸುವವರು ಯಾರು, ಯಾವುದರಿಂದ ಎಂಬಲ್ಲಿ ಮಾತ್ರ ಜಾಣಮೌನ. ಈ ಕೊರತೆ ನೀಗಲೆಂದು ಪ್ರಸ್ತುತ ಪ್ರಬಂಧವು ಮಲೆನಾಡಿನ ಅಡಿಕೆ ಬೆಳೆಗಾರರ ಬಚ್ಚಲುಮನೆಯನ್ನು ಅಧ್ಯಯನಕ್ಕೆ ಎತ್ತಿಕೊಂಡಿದೆ. ವಾದಿಗಳು ನಾಲ್ವರು: ಸೌದೆ, ಸೂರ್ಯ, ಸಗಣಿ, ಗಾಳಿ. ಮಧ್ಯಸ್ಥರು, ನಸುಕಿನಲ್ಲೇ ಎದ್ದು ಒಲೆ ಹೊತ್ತಿಸುವ ಮನೆಯ ಅಜ್ಜಿ.

ಮೊದಲು ಲೆಕ್ಕ. 80 ಲೀಟರಿನ ತಾಮ್ರದ ಹಂಡೆ. 20 ಡಿಗ್ರಿಯ ನೀರು 50 ಡಿಗ್ರಿಗೆ ಏರಬೇಕು. ಇದಕ್ಕೆ ಬೇಕಾದ ಶಾಖ ಸುಮಾರು 2.8 ಯೂನಿಟ್ ಕರೆಂಟಿಗೆ ಸಮ. ಒಣ ಸೌದೆಯ ಶಾಖವೆಲ್ಲ ನೀರಿಗೇ ಸೇರುವುದಾದರೆ ಮುಕ್ಕಾಲು ಕೆಜಿಯೊಳಗೆ ಕೆಲಸ ಮುಗಿಯಬೇಕು. ಅಂಥ ಒಲೆಯನ್ನು ಕಂಡವರಿಲ್ಲ. ಹಳೆಯ ತೆರೆದ ಒಲೆಯ ದಕ್ಷತೆ ನೂರಕ್ಕೆ ಹತ್ತರ ಆಸುಪಾಸು. ಆರೇಳು ಕೆಜಿ ಸೌದೆ ಉರಿದು ಗೋಡೆ, ಬೆಕ್ಕು, ಆಕಾಶ ಎಲ್ಲವೂ ಬೆಚ್ಚಗಾದ ಮೇಲೆ ನೀರಿನ ಸರದಿ.

ಸೌದೆಯ ದೌರ್ಬಲ್ಯವನ್ನು ನೈಯಾಯಿಕರು ಎಂದೋ ಗುರುತಿಸಿದ್ದರು. ಹೊಗೆ ಇದ್ದಲ್ಲಿ ಬೆಂಕಿಯುಂಟು ಎನ್ನುವುದು ಸರಿ. ಬೆಂಕಿ ಇದ್ದಲ್ಲೆಲ್ಲ ಹೊಗೆಯುಂಟು ಎನ್ನುವುದು ತಪ್ಪು, ಏಕೆಂದರೆ ಹೊಗೆಗೆ ಹಸಿ ಸೌದೆಯ ಸಂಪರ್ಕವೆಂಬ ಉಪಾಧಿ ಬೇಕು ಎಂದು ಅವರ ನಿರ್ಣಯ. 17ನೆಯ ಶತಮಾನದ ಅನ್ನಂಭಟ್ಟನ ‘ತರ್ಕಸಂಗ್ರಹ’ದಲ್ಲಿ ಇದು ಎಳೆಯ ವಿದ್ಯಾರ್ಥಿಗಳ ಪಾಠ. ಅನ್ನಂಭಟ್ಟ ಜುಲೈ ತಿಂಗಳಲ್ಲೊಮ್ಮೆ ಆಗುಂಬೆ ಕಡೆಯ ಬಚ್ಚಲಲ್ಲಿ ಕೂತು ಒಲೆ ಊದಿದ್ದರೆ ಮೊದಲ ಮಾತನ್ನೂ ಹಿಂತೆಗೆದುಕೊಳ್ಳುತ್ತಿದ್ದ. ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಆ ಸೀಮೆಯಲ್ಲಿ ಹೊಗೆ ಧಾರಾಳ, ಬೆಂಕಿಯ ಸುಳಿವಿಲ್ಲ.

ಆದರೂ ಸೌದೆಯ ಪಕ್ಷ ಬಲವಾದದ್ದು. ಒಲೆಗೆ ಬೀಳುವುದರಲ್ಲಿ ಅರ್ಧ ಸೌದೆಯೇ ಅಲ್ಲ: ಅಡಿಕೆ ಸಿಪ್ಪೆ, ಒಣ ಸೋಗೆ, ತೆಂಗಿನ ಕರಟ, ತೋಟದಲ್ಲಿ ಉದುರಿ ಬಿದ್ದ ಹಾಳೆ. ಇವೆಲ್ಲ ವರ್ಷವರ್ಷವೂ ಮತ್ತೆ ಬೆಳೆಯುವಂಥವು. ನವೀಕರಿಸಬಹುದಾದ ಇಂಧನವೆಂಬ ಬಿರುದು ಇವಕ್ಕೆ ಯಾರೂ ಕೊಡಲಿಲ್ಲ, ಅಷ್ಟೆ. ಮೇಲಾಗಿ ಹಂಡೆಯ ಒಲೆ ನೀರು ಕಾಯಿಸುವುದಕ್ಕಷ್ಟೇ ಇಲ್ಲ. ಮೇಲಿನ ಹಗ್ಗದಲ್ಲಿ ಮೂರು ದಿನದಿಂದ ಒಣಗದ ಲುಂಗಿ, ಕೆಂಡದ ಬದಿಯಲ್ಲಿ ಚಟ್ ಎಂದು ಸಿಡಿಯುವ ಹಲಸಿನ ಬೀಜ, ಎದುರಿಗೆ ಅಂಗೈ ಚಾಚಿ ಕೂತ ಅಜ್ಜ. ಇವರಾರೂ ದಕ್ಷತೆಯ ಸೂತ್ರದಲ್ಲಿ ಬರುವುದಿಲ್ಲ.

ಒಲೆಯನ್ನೇ ತಿದ್ದಲು ಹೊರಟವರೂ ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳ್ತನದಲ್ಲಿ 1974ರಲ್ಲಿ ಶುರುವಾದ ಗ್ರಾಮೀಣ ತಂತ್ರಜ್ಞಾನದ ಕೇಂದ್ರ ‘ಅಸ್ತ್ರ’ದಿಂದ ಅಸ್ತ್ರ ಒಲೆ ಹುಟ್ಟಿತು. ಉರಿಯನ್ನು ಮುಚ್ಚಿದ ಗೂಡಿನೊಳಗೆ ಕಟ್ಟಿಹಾಕಿ, ಬೇಕಾದಷ್ಟೇ ಗಾಳಿ ಬಿಟ್ಟು, ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸುವುದು ಅದರ ಉಪಾಯ. ಊದುವವರ ಕಣ್ಣು, ಎದೆಗೂಡು ಉಳಿಯುವ ಮಟ್ಟಿಗೆ ಇದು ತಮಾಷೆಯ ಸಂಗತಿಯಲ್ಲ.

ಇನ್ನು ಸೂರ್ಯ. 1767ರಲ್ಲೇ ಜಿನೀವಾದ ವಿಜ್ಞಾನಿ ಸೊಸ್ಯೂರ್ ಗಾಜು ಮುಚ್ಚಿದ ಪೆಟ್ಟಿಗೆಯಲ್ಲಿ ಬಿಸಿಲನ್ನು ಬಂಧಿಸಿ ತೋರಿಸಿದ. ಇಂದಿನ ಸೋಲಾರ್ ಹೀಟರ್ ಅದರ ಮೊಮ್ಮಗ: ಕಾದ ನೀರು ಹಗುರಾಗಿ ತಾನಾಗಿಯೇ ಮೇಲಿನ ಟ್ಯಾಂಕಿಗೇರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ, ಪಂಪಿನ ಗೊಡವೆಯಿಲ್ಲ. ಆದರೆ ಅದು ದಕ್ಷಿಣಕ್ಕೆ ಮುಖ ಮಾಡಿ ಕೂರಬೇಕು. ಹೆಂಚಿನ ಮಾಡು ಅಜ್ಜನ ಕಾಲದಿಂದಲೂ ಪೂರ್ವ-ಪಶ್ಚಿಮಕ್ಕೆ ಇಳಿಜಾರು. ಗಾಜಿನ ಕೊಳವೆಗಳನ್ನು ಆರಿಸಿಕೊಂಡವರಿಗೆ ಮಂಗಗಳ ಕಾಟವೆಂಬ ಪ್ರತ್ಯಕ್ಷ ಪ್ರಮಾಣವೂ ಲಭ್ಯ. ಹೆಚ್ಚಿನ ದೋಷ ಕಾಲದ್ದು: ಯಾರೂ ಬಿಸಿನೀರು ಕೇಳದ ಏಪ್ರಿಲಿನಲ್ಲಿ ಮೈ ಸುಡುವಷ್ಟು ಕೊಟ್ಟು, ಆಟಿ ತಿಂಗಳ ಮೋಡದಲ್ಲಿ ಕೈ ಎತ್ತಿಬಿಡುತ್ತದೆ.

ಸಗಣಿಯ ವಾದ ದೀರ್ಘವಾಗಿರಬೇಕಿತ್ತು. ಕೊಟ್ಟಿಗೆಯಲ್ಲಿ ದನ ಕಡಿಮೆಯಾದ್ದರಿಂದ ಚಿಕ್ಕದಾಗಿದೆ. ಒಂದು ಘನ ಮೀಟರ್ ಗೋಬರ್ ಗ್ಯಾಸಿಗೆ ಸುಮಾರು 25 ಕೆಜಿ ಸಗಣಿ ಬೇಕು. ಒಂದು ಹಂಡೆ ನೀರಿಗೆ ಹೆಚ್ಚುಕಡಿಮೆ ಅಷ್ಟೂ ಗ್ಯಾಸ್ ಮುಗಿಯುತ್ತದೆ. ಇಲ್ಲಿಯ ದನದ ತಳಿ ಮಲೆನಾಡು ಗಿಡ್ಡ ಹೆಸರಿಗೆ ತಕ್ಕಂತೆ ಗಿಡ್ಡ, ಕೊಡುವುದೂ ಸ್ವಲ್ಪ. ಚಳಿ ಹೆಚ್ಚಿದಂತೆ ಗುಂಡಿಯೊಳಗಿನ ಬ್ಯಾಕ್ಟೀರಿಯಾಗಳೂ ಕಂಬಳಿ ಹೊದ್ದು ಮಲಗುತ್ತವೆ. ಇದ್ದಷ್ಟು ಗ್ಯಾಸಿಗೆ ಅಡುಗೆಮನೆಯ ಹಕ್ಕೇ ಮೊದಲು.

ಗಾಳಿ, ಎಂದರೆ ಹೀಟ್ ಪಂಪ್. ಹೊರಗಿನ ಗಾಳಿಯ ಶಾಖವನ್ನು ಹೀರಿ, ಒಂದು ಯೂನಿಟ್ ಕರೆಂಟಿಗೆ ಮೂರರಷ್ಟು ಬಿಸಿ ಕೊಡುತ್ತದೆ. ಕಂಬ ಉರುಳಿ ಲೈನ್‌ಮ್ಯಾನ್ ಬರುವ ತನಕ ಅದೂ ನಮ್ಮಂತೆಯೇ ಸುಮ್ಮನಿರುತ್ತದೆ.

ಅಜ್ಜಿಯ ತೀರ್ಪು ಮಂಡನ, ಖಂಡನ ಎರಡನ್ನೂ ಹೂತು ಹಾಕುವಂಥದ್ದು: “ಸೋಲಾರ್ ಪೈಪನ್ನ ತಂದು ಹಂಡೆಗೇ ಬಿಡಿ.” ಬಿಸಿಲಿದ್ದರೆ ಹಂಡೆಗೆ ಬಿಸಿನೀರೇ ಬೀಳುತ್ತದೆ, ಮೋಡವಿದ್ದರೆ ಬೆಚ್ಚಗಿನ ನೀರಾದರೂ ಬಿದ್ದು, ಎರಡು ಹೆಡಿಗೆ ಸಿಪ್ಪೆಯಲ್ಲಿ ಕೆಲಸ ಮುಗಿಯುತ್ತದೆ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಕೆಮ್ಮಣ್ಣು, ಸುಣ್ಣ ಬಳಿದು ಹಿಂಡಲೆಕಾಯಿ ಬಳ್ಳಿ ಕಟ್ಟಲು ಹಂಡೆಯೂ ಇರುತ್ತದೆ. ಅದಕ್ಕಾಗಿ ಮಾಡು ಹತ್ತಬೇಕಿಲ್ಲ.

ಒಂದು ಅಧಿಕರಣ ಮಾತ್ರ ಇತ್ಯರ್ಥವಾಗದೆ ಉಳಿದಿದೆ. ಕಡೆಗೆ ಮಿಂದವರು ಹಂಡೆ ತುಂಬಿಸಿಡಬೇಕೆಂಬ ಕಾನೂನು, ಪೈಪಿನಿಂದ ತಾನೇ ತುಂಬುವ ಹಂಡೆಗೂ ಅನ್ವಯಿಸುತ್ತದೆಯೇ? ಇಲ್ಲವೆಂದು ಮೊಮ್ಮಕ್ಕಳ ವಾದ. ಹಾಗಾದರೆ ಸಿಪ್ಪೆ ಹೊತ್ತು ತರುವ ಪಾಳಿ ಅವರದೆಂದು ಅಜ್ಜಿಯ ಪ್ರತಿವಾದ.