ಶೆಟ್ಟರ ಅಂಗಡಿಯಲ್ಲಿ ಶೆಟ್ಟರಿಲ್ಲ

ಬೀದಿ ಮೂಲೆಯ ಅಂಗಡಿಯವನಷ್ಟು ಶ್ರದ್ಧೆಯಿಂದ ಹೆಸರಿಟ್ಟು, ಅಷ್ಟೇ ಬೇಗ ಅದನ್ನು ಕಳೆದುಕೊಳ್ಳುವ ವ್ಯಾಪಾರಿ ಇನ್ನೊಬ್ಬನಿಲ್ಲ. ಜೋಯಿಸರ ಹತ್ತಿರ ಅಕ್ಷರ ಕೇಳಿ, ಮನೆದೇವರಿಗೂ ಮನೆಯಾಕೆಗೂ ಒಟ್ಟಿಗೆ ಒಪ್ಪಿಗೆಯಾಗುವಂತೆ ‘ಶ್ರೀ ಲಕ್ಷ್ಮೀವೆಂಕಟೇಶ್ವರ ಪ್ರಾವಿಜನ್ ಸ್ಟೋರ್ಸ್’ ಎಂದು ಬೋರ್ಡು ಬರೆಸುತ್ತಾನೆ. ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡವಿರಬೇಕು ಎಂದು 2024ರಲ್ಲಿ ಕಾನೂನು ತಿದ್ದುಪಡಿಯಾಯಿತಲ್ಲ, ಇವನದು ನೂರಕ್ಕೆ ನೂರು ಕನ್ನಡ ಲಿಪಿಯೇ. ಪ್ರಾವಿಜನ್ನೂ ಸ್ಟೋರ್ಸೂ ಎಷ್ಟು ಕನ್ನಡ ಎಂಬುದನ್ನು ಇನ್ಸ್‌ಪೆಕ್ಟರರ ವಿವೇಚನೆಗೆ ಬಿಡೋಣ. ಇಷ್ಟೆಲ್ಲ ಮಾಡಿದ ಮೇಲೆ ಆ ಬೋರ್ಡನ್ನು ಪೂರ್ತಿ ಓದುವವರು ಇಬ್ಬರೇ: ಬರೆದ ಪೇಂಟರು ಮತ್ತು ತೆರಿಗೆಯವರು. ಬೀದಿಗೆ ಅದು ‘ಶೆಟ್ಟರಂಗಡಿ’. ಶೆಟ್ಟರು ಅಂಗಡಿ ಮಾರಿ ಮಗನ ಮನೆ ಸೇರಿ ಹದಿನೈದು ವರ್ಷವಾಗಿರಬಹುದು, ಈಗ ಗಲ್ಲಾದ ಹಿಂದೆ ಕೂತಿರುವವರು ಗೌಡರಿರಬಹುದು. ಅವರೂ ಮೊದಮೊದಲು ‘ನಾನು ಶೆಟ್ಟಿ ಅಲ್ಲ’ ಎಂದು ಹೇಳಿ ನೋಡಿ, ಆರು ತಿಂಗಳಲ್ಲಿ ಸೋತು, ‘ಶೆಟ್ರೇ’ ಎಂದರೆ ‘ಏನ್ಬೇಕು’ ಎನ್ನುವಷ್ಟು ಶೆಟ್ಟರಾಗಿರುತ್ತಾರೆ.

ಇದು ಜನರ ಅಲಕ್ಷ್ಯ ಎನ್ನುವವರುಂಟು. ನನಗೆ ಹಾಗೆ ಅನ್ನಿಸುವುದಿಲ್ಲ. ಮೂಲೆ ಅಂಗಡಿಗೆ ಹೆಸರಿಡುವ ಹಕ್ಕು ಬಂಡವಾಳ ಹಾಕಿದವನಿಗೆ ಸೇರಿದ್ದಲ್ಲ, ಸಾಲ ಹೇಳುವವನಿಗೆ ಸೇರಿದ್ದು. ದುಡ್ಡು ಎಣಿಸಿ ಕೊಟ್ಟು ಹೊರಬರುವ ದೊಡ್ಡ ಮಳಿಗೆಯನ್ನು ನಾವು ಬೋರ್ಡಿನಲ್ಲಿದ್ದ ಹೆಸರಿನಿಂದಲೇ, ಉಚ್ಚಾರಣೆ ತಪ್ಪಿದರೂ ಮರ್ಯಾದೆಯಿಂದಲೇ, ಕರೆಯುತ್ತೇವೆ. ‘ಬರ್ಕೊಳ್ಳಿ, ಒಂದನೇ ತಾರೀಖು ಕೊಡ್ತೀನಿ’ ಎಂದು ಹೇಳುವ ಕಡೆ ಬೋರ್ಡು ನೋಡಿ ಹೇಳಲಾಗುವುದಿಲ್ಲ. ಅಲ್ಲಿ ಒಂದು ಮುಖ ಬೇಕು, ಮುಖಕ್ಕೊಂದು ಸಲುಗೆಯ ಹೆಸರು ಬೇಕು.

ರಾಜ್ಯದ ನಕ್ಷೆ ಹಿಡಿದು ನೋಡಿದರೆ ಈ ಹೆಸರುಗಳು ಮೊದಲು ಎರಡು ಗುಂಪಾಗಿ ಕಾಣುತ್ತವೆ. ಒಂದು, ಅಂಗಡಿಯ ಆಕಾರ ನೋಡಿ ಇಟ್ಟದ್ದು: ಕರಾವಳಿ, ಮಲೆನಾಡಿನಲ್ಲಿ ಗೂಡಂಗಡಿ, ಹಳೆ ಮೈಸೂರಿನಲ್ಲಿ ಪೆಟ್ಟಿಗೆ ಅಂಗಡಿ, ಹುಬ್ಬಳ್ಳಿ ದಾಟಿದರೆ ಡಬ್ಬಾ ಅಂಗಡಿ. ಗೂಡು, ಪೆಟ್ಟಿಗೆ, ಡಬ್ಬ: ಮೂರರಲ್ಲೂ ಮನುಷ್ಯ ಒಳಗೆ ಹಿಡಿಸಿದ್ದೇ ಒಂದು ಬೆರಗು ಎಂಬ ಧ್ವನಿಯಿದೆ. ಕೂತಲ್ಲಿಂದ ಏಳದೆ ಬಲಗೈಗೆ ಬೀಡಿಕಟ್ಟು, ಎಡಗೈಗೆ ಬಾಳೆಗೊನೆ, ತಲೆಯ ಮೇಲೆ ಶಾಂಪೂ ಪೊಟ್ಟಣಗಳ ಮಾಲೆ, ಮೊಣಕಾಲಿಗೆ ಕಡಲೆಹಿಟ್ಟಿನ ಡಬ್ಬ ತಾಗುವ ಹಾಗೆ ಅವನು ಜಗತ್ತನ್ನು ಜೋಡಿಸಿಕೊಂಡಿರುತ್ತಾನೆ. (ಸರ್ಕಾರಿ ಕಾಗದದ ಇಂಗ್ಲಿಷಿನಲ್ಲಿ ಇದು ‘ಪೆಟ್ಟಿ ಶಾಪ್’. ಆ ಭಾಷೆಯ ‘ಪೆಟ್ಟಿ’ ಎಂದರೆ ಸಣ್ಣದು, ನಮ್ಮ ಪೆಟ್ಟಿ ಎಂದರೆ ಪೆಟ್ಟಿಗೆ. ಎರಡು ಭಾಷೆ ಒಂದೇ ಡಬ್ಬದೊಳಗೆ ಜಗಳವಿಲ್ಲದೆ ಕೂತ ಅಪರೂಪದ ಪ್ರಸಂಗ.) ಇನ್ನೊಂದು ಗುಂಪು, ಸರಕು ನೋಡಿ ಇಟ್ಟದ್ದು: ಕಲಬುರಗಿ, ಧಾರವಾಡದ ಕಡೆ ಕಿರಾಣಿ, ಮಂಗಳೂರಿನಲ್ಲಿ ಜೀನಸಿ, ಮೈಸೂರಿನಲ್ಲಿ ದಿನಸಿ. ದಿನವೂ ಬೇಕಾದ್ದರಿಂದ ದಿನಸಿ ಎಂದು ಮೈಸೂರಿನವರು ನಂಬಿರುತ್ತಾರೆ. ಅದು ಅರಬ್ಬಿಯ ‘ಜಿನ್ಸ್’, ಅಂದರೆ ಬಗೆ, ಜಾತಿ ಎಂಬ ಮಾತು ಜಿನಸು ಆಗಿ ದಿನಸು ಆದದ್ದು. ಹಾಗಾಗಿ ದಿನಸಿ ಶುದ್ಧ, ಜೀನಸಿ ಹಳ್ಳಿಗಾಡು ಎಂದು ತಿದ್ದಲು ಹೊರಟವರು ಮಂಗಳೂರಿನವರ ಕ್ಷಮೆ ಕೇಳುವುದು ಒಳ್ಳೆಯದು. ಬೆಂಗಳೂರಿನ ‘ಕಾಂಡಿಮೆಂಟ್ಸ್’ ಇವೆಲ್ಲವನ್ನೂ ಮೀರಿಸಿದ್ದು. ಇಂಗ್ಲಿಷ್ ನಿಘಂಟು ನಂಬಿಕೊಂಡು ಉಪ್ಪಿನಕಾಯಿ, ಸಾಸಿವೆ ಕೇಳಲು ಹೋದವನಿಗೆ ಅಲ್ಲಿ ಸಿಗುವುದು ಸಿಗರೇಟು, ಬನ್ನು, ಕಡಲೆಮಿಠಾಯಿ ಮತ್ತು ಅರ್ಧ ಲೋಟ ಟೀ. ಇನ್ನು ‘ಚಿಲ್ಲರೆ ಅಂಗಡಿ’ ಎಂಬ ಹೆಸರಂತೂ ಅಚ್ಚ ವ್ಯಂಗ್ಯ: ಅಲ್ಲಿ ಎಂದೂ ಸಿಗದ ಒಂದೇ ಒಂದು ವಸ್ತು ಚಿಲ್ಲರೆ. ಎರಡು ರೂಪಾಯಿ ವಾಪಸು ಬರಬೇಕಾದ ಕಡೆ ಎರಡು ಚಾಕಲೇಟು ಬರುತ್ತದೆ. ಮರುದಿನ ಅದೇ ಚಾಕಲೇಟನ್ನು ದುಡ್ಡಿನ ಬದಲು ಕೊಟ್ಟು ನೋಡಿ, ಅವನಿಗೆ ಅರ್ಥಶಾಸ್ತ್ರ ಎಷ್ಟು ಚೆನ್ನಾಗಿ ಬರುತ್ತದೆಂದು ತಿಳಿಯುತ್ತದೆ.

ಆದರೆ ಈ ಎರಡು ಬಗೆಯ ಹೆಸರೂ ದಾರಿ ತೋರಿಸುವುದಕ್ಕೆ ಮಾತ್ರ. ‘ಆ ಗೂಡಂಗಡಿ ಹತ್ರ ಎಡಕ್ಕೆ ತಿರುಗಿ’ ಎಂದು ಹೊಸಬರಿಗೆ ಹೇಳಬಹುದು. ಒಳಗಿದ್ದವನನ್ನು ‘ಗೂಡಂಗಡೀ’ ಎಂದು ಯಾರೂ ಕೂಗುವುದಿಲ್ಲ. ಲೆಕ್ಕದ ಪುಸ್ತಕ ತೆರೆದ ಕ್ಷಣಕ್ಕೆ ಮೂರನೆಯ ಬಗೆ ಶುರುವಾಗುತ್ತದೆ, ಮತ್ತು ನನ್ನ ವಾದದ ಬಲವೆಲ್ಲ ಅದರಲ್ಲೇ ಇದೆ. ಕರಾವಳಿಯಲ್ಲಿ ಪೈಗಳ ಅಂಗಡಿ, ಬಯಲುಸೀಮೆಯಲ್ಲಿ ಶೆಟ್ಟರದು, ಉತ್ತರದಲ್ಲಿ ಸಾವ್ಕಾರರದು, ಮೈಸೂರು ಬೆಂಗಳೂರುಗಳಲ್ಲಿ ಮಲೆಯಾಳಿ ಸಾಬರು ನಡೆಸುವುದು ಕಾಕಾ ಅಂಗಡಿ. ಈ ಕಾಕಾ ಮಲಬಾರಿನ ಮಾಪಿಳ್ಳೆಯರಲ್ಲಿ ಅಣ್ಣ. ಧಾರವಾಡದಲ್ಲಿ ಅಪ್ಪನ ತಮ್ಮ. ಧಾರವಾಡದ ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಬಂದು, ಅಪರಿಚಿತ ಕೇರಿಯಲ್ಲಿ ಎಲ್ಲರೂ ಒಬ್ಬರನ್ನೇ ‘ಕಾಕಾ’ ಎನ್ನುವುದನ್ನು ಕೇಳಿ, ಇಷ್ಟು ದೊಡ್ಡ ಕುಟುಂಬವೇ ಎಂದುಕೊಂಡರೆ ತಪ್ಪಲ್ಲ. ಚೆನ್ನೈಯಲ್ಲಿ ಇದೇ ಮನುಷ್ಯ ಅಣ್ಣಾಚ್ಚಿ, ಸಿಂಗಪುರದಲ್ಲಿ ತಮಿಳಿನ ಮಾಮ ಅಂಟಿಕೊಂಡ ‘ಮಾಮಾ ಶಾಪ್’. ಮಾಂಟ್ರಿಯಲ್‌ನ ಫ್ರೆಂಚರು ನೆಂಟಸ್ತಿಕೆಗೆ ಹೋಗದೆ ‘ದೆಪಾನೂರ್’ ಎನ್ನುತ್ತಾರೆ, ಕಷ್ಟದಿಂದ ಪಾರುಮಾಡುವವನು ಎಂದರ್ಥ. ತಿಂಗಳ ಇಪ್ಪತ್ತೈದನೇ ತಾರೀಖಿಗೆ ಈ ಹೆಸರಿನ ಔಚಿತ್ಯ ನಮಗೂ ಗೊತ್ತು. ಉತ್ತರ ಕರ್ನಾಟಕದವರು ಮಾತ್ರ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಅಂಗಡಿಯನ್ನೇ ಮನುಷ್ಯನಿಗೆ ಅಂಟಿಸಿದ್ದಾರೆ. ರೈಲ್ವೆ ರಾಜ್ಯ ಸಚಿವರಾಗಿದ್ದ ಬೆಳಗಾವಿಯ ಸುರೇಶ ಅಂಗಡಿ ಅವರ ಅಡ್ಡಹೆಸರು ಎಲ್ಲರೂ ಬಲ್ಲದ್ದು. ಅದರ ಜೊತೆಗೆ ಬೆಲ್ಲದ, ಮೆಣಸಿನಕಾಯಿ, ಉಳ್ಳಾಗಡ್ಡಿ, ಅಕ್ಕಿ, ತುಪ್ಪದ ಎಂಬ ಮನೆತನಗಳೂ ಇವೆ. ಆ ಕಡೆಯ ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕರೆದರೆ ತಿಂಗಳ ಸಾಮಾನಿನ ಚೀಟಿ ಓದಿದ ಹಾಗೆ ಕೇಳಿಸುತ್ತದೆ.

ಇಲ್ಲಿ ಒಬ್ಬರು ಎದ್ದು ನಿಲ್ಲುತ್ತಾರೆ: ನ್ಯಾಯಬೆಲೆ ಅಂಗಡಿಯಲ್ಲಿ ಉದ್ರಿ ಇಲ್ಲವಲ್ಲ, ಆದರೂ ಜನ ಅದರ ಸರ್ಕಾರಿ ಹೆಸರು ಬಿಟ್ಟು ‘ಸೊಸೈಟಿ’ ಎನ್ನುತ್ತಾರಲ್ಲ? ಒಳ್ಳೆಯ ಪ್ರಶ್ನೆ, ಮತ್ತು ಕೇಳಿದವರೇ ಸಿಕ್ಕಿಬೀಳುವ ಪ್ರಶ್ನೆ. ಆ ಹೆಸರು ಬಂದದ್ದು ಸಹಕಾರ ಸಂಘದಿಂದ. 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘದ ಮೂಲ ಕಸುಬೇ ರೈತರಿಗೆ ಸಾಲ ಕೊಡುವುದು. ಸಾಲ ಹೋಯಿತು, ಸೀಮೆಎಣ್ಣೆಯೂ ಹೋಯಿತು, ಸಾಲದ ಕಾಲದ ಹೆಸರು ಕ್ಯೂನಲ್ಲಿ ಇನ್ನೂ ನಿಂತಿದೆ. ಇನ್ನೊಂದು ಆಕ್ಷೇಪಕ್ಕೆ ಇಷ್ಟು ಸುಲಭದ ಉತ್ತರವಿಲ್ಲ: ಶೆಟ್ಟರು, ಪೈಗಳು, ಕಾಕಾ ಎಂಬುದು ಸಲುಗೆಯಲ್ಲ, ಜಾತಿಯ ಚೀಟಿ ಎಂಬುದು. ಅದರಲ್ಲಿ ಸತ್ಯವಿದೆ, ಇಡೀ ಹೆಸರನ್ನು ಕೇಳುವ ತಾಪತ್ರಯವನ್ನು ನಮ್ಮ ಸಮಾಜ ಜಾತಿಯಿಂದಲೇ ಉಳಿಸಿಕೊಂಡು ಬಂದಿದೆ. ಆದರೆ ಚೀಟಿ ಎಂದಮೇಲೆ ಒಳಗಿನ ಸರಕಿಗೆ ಹೊಂದಬೇಕು. ಗೌಡರನ್ನು ಶೆಟ್ಟರೆಂದು ಕರೆದು, ಅಯ್ಯಂಗಾರರಿಲ್ಲದ ಅಯ್ಯಂಗಾರ್ ಬೇಕರಿಯಲ್ಲಿ ಖಾರದ ಬನ್ನು ತಿನ್ನುವ ಊರಿನಲ್ಲಿ ಜಾತಿ ಅಷ್ಟರಮಟ್ಟಿಗೆ ಹುದ್ದೆಯಾಗಿಬಿಟ್ಟಿದೆ, ಕೂತವರಿಗೆ ಸಲ್ಲುತ್ತದೆ.

ಉದ್ರಿ ಕೊಡುವುದೆಂದರೆ ಅವನಿಗೆ ಇಷ್ಟವೆಂದೇನೂ ಅಲ್ಲ. ‘ಇಂದು ನಗದು, ನಾಳೆ ಉದ್ರಿ’ ಎಂಬ ಫಲಕವನ್ನು ಅವನು ದೇವರ ಪಟದ ಪಕ್ಕದಲ್ಲೇ ತೂಗುಹಾಕಿರುತ್ತಾನೆ. ಹಳ್ಳಿಯ ಬಾಗಿಲುಗಳ ಮೇಲೆ ದೆವ್ವ ಓದಲೆಂದು ‘ನಾಳೆ ಬಾ’ ಎಂದು ಬರೆಯುವ ಪದ್ಧತಿ ನಮ್ಮಲ್ಲುಂಟು. ಸಾಲಗಾರನಿಗೂ ಅದೇ ಮಂತ್ರ. ವ್ಯತ್ಯಾಸವೆಂದರೆ ದೆವ್ವ ಓದಿ ಹಿಂದಿರುಗುತ್ತದೆ. ಸಾಲಗಾರ ‘ಶೆಟ್ರೇ’ ಎಂದು ಎಳೆದು ಕರೆಯುತ್ತಾನೆ, ಆ ಎಳೆತಕ್ಕೆ ಅರ್ಧ ಕೆಜಿ ಸಕ್ಕರೆ ಪೊಟ್ಟಣವಾಗುತ್ತದೆ.

ಈಚೆಗೆ ಈ ವ್ಯವಸ್ಥೆಗೆ ಪೆಟ್ಟು ಕೊಟ್ಟದ್ದು ಫೋನು. 2016ರಲ್ಲಿ ಯುಪಿಐ ಬಂದು, ಗಲ್ಲಾದ ಮೇಲೆ ಕ್ಯೂಆರ್ ಕೋಡ್ ಅಂಟಿದ ಮೇಲೆ, ಸ್ಕ್ಯಾನ್ ಮಾಡಿದವರ ಪರದೆಯಲ್ಲಿ ಇಂಗ್ಲಿಷಿನ ದಪ್ಪಕ್ಷರದಲ್ಲಿ ಮೂರು ಇನಿಷಿಯಲ್ಲಿನ ಒಂದು ಹೆಸರು ಮೂಡತೊಡಗಿತು. ‘ಶೆಟ್ರೇ, ಯಾರ್ದೋ ಹೆಸರು ಬರ್ತಿದೆ, ಕಳಿಸ್ಲಾ?’ ‘ಕಳ್ಸಿ, ಅದು ನಂದೇ.’ ಹತ್ತು ವರ್ಷ ಹಾಲು ಮೊಸರು ಕೊಂಡವರಿಗೆ ಅವನ ಪರಿಚಯ ಆಗುವುದು ಹೀಗೆ. ಹೆಸರು ಸಿಕ್ಕಿದ್ದರಿಂದ ಅವನಿಗೆ ಲಾಭವಾಯಿತೆಂದೂ ಇಲ್ಲ. ವರ್ಷಕ್ಕೆ 40 ಲಕ್ಷ ದಾಟಿದ ಯುಪಿಐ ವಹಿವಾಟು ನೋಡಿ 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸುಗಳಿಗೆ ಹೋದಾಗ, ಅವು ಕಾಕಾನ ಹೆಸರಿಗೂ ಶೆಟ್ಟರ ಹೆಸರಿಗೂ ಇರಲಿಲ್ಲ; ಫೋನಿನಲ್ಲಿ ಕಾಣುವ ಆ ಅಪರಿಚಿತರ ಹೆಸರಿಗೇ ಇದ್ದವು. ಕೆಲವರು ಕೋಡನ್ನು ಕಿತ್ತು ‘ನಗದು ಮಾತ್ರ’ ಎಂದು ಬರೆದು, ಪುನಃ ಬೀದಿಯ ಹೆಸರಿನೊಳಗೆ ಸೇರಿಕೊಂಡರು.

ಅವನ ಹೆಸರನ್ನು ನಾವು ಕೇಳಲಿಲ್ಲವೆಂದು ಮರುಗುವವರು ಒಮ್ಮೆ ಅವನ ಉದ್ರಿ ಪುಸ್ತಕವನ್ನು, ಅವನು ಹಾಲಿನ ಕ್ರೇಟು ಇಳಿಸಿಕೊಳ್ಳುತ್ತಿರುವಾಗ, ಬಗ್ಗಿ ನೋಡಬೇಕು. ಕಿವಿಗೆ ಸಿಕ್ಕಿಸಿದ ಪೆನ್ಸಿಲಿನಲ್ಲಿ ಪುಟದ ತುಂಬ ಬರೆದಿರುತ್ತದೆ: ಮೂರನೇ ಕ್ರಾಸ್ ಟೀಚರ್ 310, ಮೇಲಿನ ಮನೆ ಬ್ಯಾಂಕು 85, ಸೊಟ್ಟ ಗೇಟು 1,140, ನಾಯಿ ಮನೆ 240.